ಅಗಲಿದವರಿಗಾಗಿ, ಪಾಪಿಗಳಿಗಾಗಿ ಜಪ: ನಾನು ನಡೆಸುವ ಕ್ರಮ

ಮೊದಲು ಬೇಕಾಗುವುದು 200 ಪುಟದ ಒಂದು ಉದ್ದ ನೋಟ್‌ಬುಕ್ಕು. ಜಪಸರ, ಅಂದರೆ ರೋಸರಿ ಮಣಿ, ಆಮೇಲೆ. ನಮ್ಮ ಕಥೋಲಿಕರ ಸಾವಿನ ಮನೆಗಳಲ್ಲಿ ಜಪ ನಡೆಸುವವರನ್ನು ಸಿಕ್ಕಸಿಕ್ಕವರೆಲ್ಲ "ನಮ್ಮಪ್ಪನಿಗೂ ಒಂದು ನಮೋ ಮರಿಯಾ (ಮಾತೆ ಮರಿಯಮ್ಮನವರ ಜಪ) ಹೇಳಿಬಿಡಿ" ಎಂದು ಕೇಳುತ್ತಾರೆ. ಆಗಲಿ ಅಂದುಬಿಡುವುದು ಸುಲಭ. ನೆನಪನ್ನೇ ನಂಬಿಕೊಂಡರೆ ಮೂರನೇ ತಿಂಗಳಿಗೆ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ "ನನ್ನನ್ನು ಕೇಳಿಕೊಂಡ ಎಲ್ಲರಿಗಾಗಿ" ಎಂದು ಒಟ್ಟಾಗಿ ಒಪ್ಪಿಸುವುದೇ ಅಭ್ಯಾಸವಾಗುತ್ತದೆ. ಅದು ತಪ್ಪಲ್ಲ, ಆದರೆ ಸೋಮಾರಿತನಕ್ಕೆ ಅದಕ್ಕಿಂತ ಒಳ್ಳೆ ಹೊದಿಕೆ ಬೇರೆ ಇಲ್ಲ.

ನೋಟ್‌ಬುಕ್ಕಿನ ಮುಂಬದಿ ಸತ್ತವರಿಗೆ. ಪುಟಕ್ಕೆ ಆರು ಮನೆ ಹಾಕುತ್ತೇನೆ: ಜ್ಞಾನಸ್ನಾನದ (ಬ್ಯಾಪ್ಟಿಸಂ) ಹೆಸರು, ಕರೆಯುವ ಹೆಸರು, ತೀರಿಕೊಂಡ ದಿನ, ಕೇಳಿಕೊಂಡವರು ಯಾರು, ನಾನು ಒಪ್ಪಿಕೊಂಡದ್ದು ಏನು, ಮುಗಿಸಿದ ದಿನ. ಹೆಸರಿಗೆ ಎರಡು ಮನೆ ಯಾಕೆಂದರೆ, ಬೆಂಗಳೂರು, ಕನಕಪುರ ಕಡೆಯ ಹಳೆಯ ಕಥೋಲಿಕ ಮನೆಗಳಲ್ಲಿ ಒಬ್ಬರಿಗೆ ಎರಡು ಹೆಸರು ಮಾಮೂಲು. ರಿಜಿಸ್ಟರಿನಲ್ಲಿ ಪೀಟರ್ ಆದವರು ಊರಲ್ಲಿ ರಾಯಪ್ಪ. ಕ್ಸೇವಿಯರ್ ಎಂದರೆ ಚೌರಪ್ಪ, ಜಾನ್ ಎಂದರೆ ಅರುಳಪ್ಪ, ಪೌಲ್ ಎಂದರೆ ಚಿನ್ನಪ್ಪ, ಇಗ್ನೇಷಿಯಸ್ ಎಂದರೆ ಇನ್ನಾಸಪ್ಪ. ಬರೀ "ಚಿನ್ನಪ್ಪ" ಎಂದು ಬರೆಸಿದರೆ ಒಂದೇ ಬೀದಿಯಲ್ಲಿ ಮೂವರು ಚಿನ್ನಪ್ಪಂದಿರು ಸಿಗುತ್ತಾರೆ. ದೇವರಿಗೆ ಗೊಂದಲವಿಲ್ಲ, ಸರಿ. ಆದರೆ ಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಹೆಸರು ಓದಿದಾಗ ಬೆಂಚಿನಲ್ಲಿ ಕೂತ ಹೆಂಡತಿಗೆ ಅದು ತನ್ನ ಗಂಡನ ಹೆಸರೋ ಪಕ್ಕದ ಮನೆಯವರದೋ ಗೊತ್ತಾಗುವುದಿಲ್ಲ.

ಪುಸ್ತಕವನ್ನು ತಿರುಗಿಸಿ ಹಿಡಿದರೆ ಹಿಂಬದಿ. ಅದು ಬದುಕಿರುವವರಿಗೆ, ದಾರಿ ತಪ್ಪಿದ್ದಾರೆಂದು ಮನೆಯವರು ಕಣ್ಣೀರಿಟ್ಟು ಹೇಳಿದವರಿಗೆ. ಅಲ್ಲಿ ಹೆಸರಿನ ಮೊದಲ ಅಕ್ಷರ ಮತ್ತು ತಾರೀಖು, ಇಷ್ಟೇ. ಏನು ಪಾಪ ಎಂದು ಒಂದು ಪದವನ್ನೂ ಬರೆಯಬಾರದು. ಪುಸ್ತಕ ಯಾರದೋ ಕೈಗೆ ಸಿಗುತ್ತದೆ, ಸಿಕ್ಕೇ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ ಯಾಕೆ? ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬೋಧನೆ ಹೀಗಿದೆ: ದೇವರ ಕೃಪೆಯಲ್ಲಿ ಸತ್ತವರು ರಕ್ಷಣೆ ಹೊಂದುವುದು ಖಂಡಿತ, ಆದರೆ ಪೂರ್ತಿ ಶುದ್ಧರಾಗಿರದಿದ್ದರೆ ಸ್ವರ್ಗ ಸೇರುವ ಮುಂಚೆ ಶುದ್ಧೀಕರಣಕ್ಕೆ ಒಳಗಾಗುತ್ತಾರೆ. ಆ ಹಂತದಲ್ಲಿ ಅವರಿಗೆ ನಾವು ನೆರವಾಗಬಹುದು. 1439ರ ಫ್ಲಾರೆನ್ಸ್ ಮಹಾಸಭೆ, 1563ರ ಟ್ರೆಂಟ್ ಮಹಾಸಭೆ ಎರಡೂ ಇದನ್ನೇ ಹೇಳಿದವು. ಬೆಂಕಿ ಎಷ್ಟು ಬಿಸಿ, ಎಷ್ಟು ವರ್ಷ ಎಂಬ ಕುತೂಹಲದ ಪ್ರಶ್ನೆಗಳನ್ನು ಜನರ ಮುಂದೆ ಕೆದಕಬಾರದೆಂದೂ ಟ್ರೆಂಟ್ ಎಚ್ಚರಿಸಿತು. ಬೈಬಲಿನಲ್ಲಿ ಆಧಾರ ಕೇಳಿದವರಿಗೆ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ತೋರಿಸುತ್ತೇನೆ. ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಯೂದ ಮಕ್ಕಬಿ ಸುಮಾರು 2,000 ದ್ರಾಕ್ಮ ಬೆಳ್ಳಿ ಕೂಡಿಸಿ ಜೆರುಸಲೇಮಿಗೆ ಕಳಿಸುತ್ತಾನೆ. ಪ್ರಾಟೆಸ್ಟಂಟ್ ನೆಂಟರು ಕೂತಿರುವ ಮನೆಯಲ್ಲಿ ಮಾತ್ರ ಈ ವಾಚನ ಬೇಡ. ಅವರ 66 ಗ್ರಂಥಗಳ ಬೈಬಲಿನಲ್ಲಿ ಅದು ಇಲ್ಲ, ಸಾವಿನ ಮನೆ ವಾದದ ಮನೆಯಾಗುತ್ತದೆ. ಯೊವಾನ್ನ 11ನೇ ಅಧ್ಯಾಯ, ಲಾಜರನ ಪ್ರಸಂಗ ಓದಿದರೆ ಎಲ್ಲರೂ ಆಮೆನ್ ಅನ್ನುತ್ತಾರೆ.

ಇನ್ನು ಸಾವಿನ ಮನೆಯ ರಾತ್ರಿ ಜಪ. ಒಟ್ಟು 40 ನಿಮಿಷ ದಾಟಿಸಬಾರದು. ಒಂದು ನಮೋ ಮರಿಯಾ ಗಟ್ಟಿಯಾಗಿ, ಉಸಿರು ತಗೊಂಡು ಹೇಳಿದರೆ 15 ಸೆಕೆಂಡು. ಹತ್ತು ಮಣಿಗೆ, ಪರಲೋಕ ಮಂತ್ರವೂ (ಯೇಸು ಕಲಿಸಿದ ಪ್ರಾರ್ಥನೆ) ಸೇರಿ ಮೂರು ನಿಮಿಷ. ಐದು ರಹಸ್ಯ (ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಪ್ರಸಂಗ ನೆನೆದು ಹೇಳುವ ಹತ್ತು ಮಣಿ), ಮೊದಲಿನ ವಿಶ್ವಾಸ ಪ್ರಮಾಣ, ಮೂರು ಮಣಿ ಎಲ್ಲ ಕೂಡಿದರೆ ಇಪ್ಪತ್ತು ನಿಮಿಷದ ಆಸುಪಾಸು. ಅದಕ್ಕೆ ಮುಂಚೆ 130ನೇ ಕೀರ್ತನೆ. ಎಂಟೇ ಚರಣ, ಯಾರಾದರೂ ಒಬ್ಬರು ನಿಧಾನವಾಗಿ ಓದಿದರೆ ಸಾಕು. ಕೊನೆಗೆ ಮಾತೆ ಮರಿಯಮ್ಮನವರ ಪ್ರಾರ್ಥನಾಮಾಲೆ (ಲಿಟನಿ), ಒಂದು ಹಾಡು. ಇದನ್ನು ಒಂದೂಕಾಲು ಗಂಟೆಗೆ ಎಳೆದರೆ ಅರ್ಧ ಜನ ಕಾಫಿ ಲೋಟ ಹಿಡಿದು ಆಚೆ ನಿಂತಿರುತ್ತಾರೆ. ಉಳಿದವರು ಮಣಿ ಎಣಿಸುತ್ತಿರುತ್ತಾರೆ, ಜಪ ಮಾಡುತ್ತಿರುವುದಿಲ್ಲ.

ಸತ್ತವರ ಜಪಸರದಲ್ಲಿ ಎರಡು ಬದಲಾವಣೆ ಇರುತ್ತವೆ. ಪ್ರತಿ ಹತ್ತರ ಕೊನೆಗೆ ಪಿತ, ಸುತ, ಪವಿತ್ರಾತ್ಮರ ತ್ರಿತ್ವ ಸ್ತೋತ್ರದ ಬದಲು "ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ" ಎಂದು ಮುಂದಾಳು ಹೇಳಿದರೆ, "ನಿತ್ಯ ಪ್ರಕಾಶವು ಇವರ ಮೇಲೆ ಬೆಳಗಲಿ" ಎಂದು ಉಳಿದವರು ಹೇಳಬೇಕು. ಪ್ರಾರ್ಥನಾಮಾಲೆಯಲ್ಲಿ "ನಮಗಾಗಿ ಪ್ರಾರ್ಥಿಸಿರಿ" ಎನ್ನುವ ಕಡೆ "ಇವರಿಗಾಗಿ ಪ್ರಾರ್ಥಿಸಿರಿ". ನಾಲ್ಕನೇ ಸಾಲಿಗೆ ಜನ ಮತ್ತೆ "ನಮಗಾಗಿ"ಗೆ ಜಾರುತ್ತಾರೆ. ನಿಲ್ಲಿಸಿ ತಿದ್ದುವ ಅಗತ್ಯವಿಲ್ಲ, ಮುಂದಾಳು ಎರಡು ಸಾಲು ತಾನೇ ಗಟ್ಟಿಯಾಗಿ ಉತ್ತರವನ್ನೂ ಹೇಳಿದರೆ ಸರಿಹೋಗುತ್ತದೆ. ಇನ್ನೊಂದು ತೊಡಕು ಪುಸ್ತಕಗಳದು. ಕೆಲವರ ಬಾಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ", ಕೆಲವರ ಬಾಯಲ್ಲಿ "ಸ್ವರ್ಗದಲ್ಲಿರುವ". ಮುದುಕರಿಗೆ ಹಳೆಯದೇ ಬರುವುದು. ಶುರು ಮಾಡುವ ಮೊದಲು "ಇವತ್ತು ಹಳೇ ಪಾಠ" ಎಂದು ಒಂದು ಮಾತು ಹೇಳಿಬಿಟ್ಟರೆ ಗೊಂದಲವಿಲ್ಲ.

ನಿಲ್ಲುವ ಜಾಗ ಕೂಡ ಮುಖ್ಯ. ಹೆಂಗಸರು ಒಳಗೆ ದೇಹದ ಸುತ್ತ, ಗಂಡಸರು ಹೊರಗೆ ಶಾಮಿಯಾನದಡಿ. ನಾನು ಬಾಗಿಲ ಹೊಸ್ತಿಲ ಹತ್ತಿರವೇ ನಿಲ್ಲುತ್ತೇನೆ. ಇಲ್ಲದಿದ್ದರೆ ಹೊರಗಿನವರು ಅರ್ಧ ನಮೋ ಮರಿಯಾ ಹಿಂದೆ ಬಿದ್ದು, ಒಳಗೆ "ಆಮೆನ್" ಆದಾಗ ಹೊರಗೆ "ಪಾಪಿಗಳಾದ ನಮಗಾಗಿ" ನಡೆಯುತ್ತಿರುತ್ತದೆ. ಒಳಗಿನವರಿಗೆ ಮೊದಲರ್ಧ, ಹೊರಗಿನವರಿಗೆ ಕೊನೆಯರ್ಧ ಎಂದು ಹಂಚಿದರೆ ಒಬ್ಬರಿಗಾಗಿ ಒಬ್ಬರು ಕಾಯಲೇಬೇಕಾಗುತ್ತದೆ, ತಾಳ ತಾನಾಗಿ ಕೂಡುತ್ತದೆ.

ರಹಸ್ಯಗಳ ಆಯ್ಕೆಯಲ್ಲಿ ನನ್ನದು ಸ್ವಲ್ಪ ಹಟ. ಸಾವಿನ ಮನೆ ಎಂದ ಕೂಡಲೇ ದುಃಖದ ರಹಸ್ಯ ಹಿಡಿಯುತ್ತಾರೆ. ಆ ಮನೆಯಲ್ಲಿ ದುಃಖ ಬೇಕಾದಷ್ಟಿದೆ. ವಾರ ಯಾವುದೇ ಇರಲಿ, ನಾನು ಮಹಿಮೆಯ ರಹಸ್ಯ ತೆಗೆದುಕೊಳ್ಳುತ್ತೇನೆ, ಪುನರುತ್ಥಾನದಿಂದಲೇ ಶುರು. ದುಃಖದ ರಹಸ್ಯ ಪಾಪಿಗಳಿಗಾಗಿ ಮಾಡುವ ಜಪಕ್ಕೆ ಮೀಸಲು.

ಜಪದ ನಡುವೆ ಭಾಷಣ ಬೇಡ. ಅದರಲ್ಲೂ "ಅಜ್ಜಿ ಈಗಾಗಲೇ ಸ್ವರ್ಗ ಸೇರಿದ್ದಾರೆ" ಎಂಬ ಮಾತು ಬೇಡವೇ ಬೇಡ. ಸಮಾಧಾನಕ್ಕೆ ಹೇಳುತ್ತಾರೆ, ಗೊತ್ತು, ಆದರೆ ಅದರ ಮಾರನೇ ದಿನದಿಂದ ಮನೆಯವರು ಪ್ರಾರ್ಥನೆ ನಿಲ್ಲಿಸುತ್ತಾರೆ. ಸ್ವರ್ಗದಲ್ಲಿದ್ದವರಿಗೆ ಪೂಜೆ ಯಾಕೆ? ಚರ್ಚಿನ ದೊಡ್ಡ ಬೋಧಕ ಸಂತ ಆಗಸ್ಟೀನರ ತಾಯಿ ಮೋನಿಕಾ ಕೂಡ ಸಂತರೇ. ಅವರು 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಸಾಯುವ ಮುನ್ನ ಮಗನನ್ನು ಕೇಳಿಕೊಂಡದ್ದು, ದೇಹವನ್ನು ಎಲ್ಲಾದರೂ ಹೂಳಿ, ದೇವರ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು. ಅಂಥವರೇ ಕೇಳಿಕೊಂಡಿರುವಾಗ ನಮ್ಮ ಅಜ್ಜಿಗೆ ನಾಲ್ಕು ನಮೋ ಮರಿಯಾ ಹೆಚ್ಚಾಗುವುದಿಲ್ಲ.

ಪೂಜೆ ಬರೆಸುವ, ಅಂದರೆ ಸತ್ತವರ ಹೆಸರಿಗೆ ಪೂಜೆ ಗೊತ್ತುಮಾಡುವ, ವಿಷಯಕ್ಕೆ ಬರೋಣ. ಸತ್ತವರಿಗೆ ಸಲ್ಲುವ ನೆರವಿನಲ್ಲಿ ಬಲಿಪೂಜೆಯೇ ಮೊದಲು, ಮನಸ್ತಾಪಗಳು ಹುಟ್ಟುವುದೂ ಇಲ್ಲಿಯೇ. ಏಳನೇ ದಿನ, ಮೂವತ್ತನೇ ದಿನ, ವರ್ಷದ ದಿನ, ಈ ಮೂರನ್ನು ಸಮಾಧಿ ಮುಗಿಸಿ ಬಂದ ವಾರದಲ್ಲೇ ಚರ್ಚಿನ ಆಫೀಸಿನಲ್ಲಿ ಬರೆಸಿಬಿಡಬೇಕು. ಬರೆಸುವಾಗ ನಾಲ್ಕು ಸಂಗತಿ ತಿಳಿದಿರಲಿ.

ಭಾನುವಾರದ ಪೂಜೆಗಳಲ್ಲಿ ಒಂದನ್ನು ಧರ್ಮಕೇಂದ್ರದ (ಪ್ಯಾರಿಷ್) ಗುರುಗಳು ತಮ್ಮ ಇಡೀ ಜನತೆಗಾಗಿ ಒಪ್ಪಿಸಲೇಬೇಕು, ಅದು ಧರ್ಮಸಭೆಯ ಕಾನೂನು. ಆ ಪೂಜೆಯನ್ನು ಯಾರ ಹೆಸರಿಗೂ ಕೊಡಲು ಬರುವುದಿಲ್ಲ. "ನಮಗೆ ಬೇಕಂತಲೇ ಇಲ್ಲ ಅಂದರು" ಎಂದು ಮುನಿಸಿಕೊಳ್ಳುವವರಿಗೆ ಈ ಕಾರಣ ಗೊತ್ತಿರುವುದಿಲ್ಲ.

ಹೆಸರಿಗೆ ಒಪ್ಪಿಸುವುದೇ ಬೇರೆ, ಸತ್ತವರ ಪೂಜೆಯ ಪ್ರಾರ್ಥನೆಗಳನ್ನು ಓದುವುದೇ ಬೇರೆ. ಮೂವತ್ತನೇ ದಿನ ದೊಡ್ಡ ಹಬ್ಬದಂದು ಬಿದ್ದರೆ ವಸ್ತ್ರ ಬಿಳಿ, ಪಾಠಗಳು ಹಬ್ಬದವು. ಆದರೂ ಆ ಪೂಜೆ ನಿಮ್ಮ ತಂದೆಗಾಗಿಯೇ ಸಲ್ಲುತ್ತದೆ. ನೇರಳೆ ವಸ್ತ್ರ ಹಾಕಲಿಲ್ಲ ಎಂದರೆ ಪೂಜೆ ತಪ್ಪಿತು ಎಂದಲ್ಲ. ಶುಭ ಶುಕ್ರವಾರ ಮಾತ್ರ ಪೂಜೆಯೇ ಇಲ್ಲ, ದಿನ ಬದಲಿಸಲೇಬೇಕು.

ಒಂದು ಕಾಣಿಕೆಗೆ ಒಂದು ಪೂಜೆ. ಹಲವರ ಕಾಣಿಕೆ ಸೇರಿಸಿ ಒಂದೇ ಪೂಜೆ ಮಾಡುವುದಾದರೆ ಕೊಟ್ಟವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು. 1991ರಲ್ಲಿ ರೋಮ್ ಹೊರಡಿಸಿದ ಆದೇಶ ಹೀಗೆಂದಿತ್ತು, 2025ರ ಆದೇಶವೂ ಒಪ್ಪಿಗೆಯ ಮಾತನ್ನು ಮತ್ತೆ ಹೇಳಿದೆ. ಬರೆಸುವಾಗಲೇ "ಒಬ್ಬರ ಹೆಸರಿಗೋ, ಸೇರಿಸಿಯೋ?" ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಕಾಣಿಕೆ ಕೊಡಲಾಗದ ಬಡವರಿಗಾಗಿ ಕಾಣಿಕೆ ಇಲ್ಲದೆಯೂ ಪೂಜೆ ಒಪ್ಪಿಸಬೇಕೆಂದು ಕಾನೂನೇ ಗುರುಗಳಿಗೆ ಶಿಫಾರಸು ಮಾಡುತ್ತದೆ. ಹಾಗಾಗಿ ದುಡ್ಡಿಲ್ಲದ ಮನೆಯವರು ಹಿಂಜರಿಯಬೇಕಿಲ್ಲ, ಆದರೆ ಬಾಯಿಬಿಟ್ಟು ಕೇಳಬೇಕು.

ನಾಲ್ಕನೆಯದು ಗ್ರೆಗರಿಯ 30 ಪೂಜೆಗಳು. ಆರನೇ ಶತಮಾನದ ಕೊನೆಯಲ್ಲಿ ಪೋಪ್ ಸಂತ ಗ್ರೆಗರಿ ಬರೆದ ಪ್ರಸಂಗ: ಯುಸ್ತುಸ್ ಎಂಬ ಸನ್ಯಾಸಿ ಮಠದ ನಿಯಮ ಮೀರಿ ಮೂರು ಚಿನ್ನದ ನಾಣ್ಯ ಬಚ್ಚಿಟ್ಟುಕೊಂಡಿದ್ದ. ಅವನು ಸತ್ತ ಮೇಲೆ ಗ್ರೆಗರಿ 30 ದಿನ ಒಂದೇ ಸಮನೆ ಪೂಜೆ ಮಾಡಿಸಿದರು. ಅದೇ ಪದ್ಧತಿ ಉಳಿದು ಬಂತು. ನಿಯಮ ಸರಳ: ಸತ್ತ ಒಬ್ಬರಿಗೆ ಮಾತ್ರ, ಇಬ್ಬರಿಗೆ ಹಂಚುವಂತಿಲ್ಲ, ಬದುಕಿರುವವರಿಗೆ ಇಲ್ಲ. ದಿನ ಬಿಡುವಂತಿಲ್ಲ, ಆದರೆ ಗುರುಗಳು ಬದಲಾಗಬಹುದು. ಗುರುಗಳಿಗೆ ಜ್ವರ ಬಂದೋ, ನಡುವೆ ಒಂದು ಶವಸಂಸ್ಕಾರದ ಪೂಜೆ ಬಂದೋ ಒಂದು ದಿನ ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬೇಗನೆ ಮುಗಿಸಿದರೆ ಸಾಕು ಎಂದು 1967ರಲ್ಲಿ ರೋಮ್ ಸ್ಪಷ್ಟಪಡಿಸಿದೆ. ಧರ್ಮಕೇಂದ್ರದ ಗುರುಗಳ ಬಳಿ ಇದನ್ನು ಕೇಳಿದರೆ ಬಹಳ ಸಲ ಆಗದು ಎನ್ನುತ್ತಾರೆ. ಅವರ ಡೈರಿಯಲ್ಲಿ 30 ದಿನ ಸಾಲಾಗಿ ಖಾಲಿ ಇರುವುದಿಲ್ಲ, ಅಷ್ಟೇ ಕಾರಣ. ನಿವೃತ್ತ ಗುರುಗಳಿರುವ ಮನೆ, ಧಾರ್ಮಿಕ ಸಭೆಗಳ ಮಠ, ಇಂಥ ಕಡೆ ವಿಚಾರಿಸಿದರೆ ಸಿಗುತ್ತದೆ.

ನವೆಂಬರ್ ಬಂತೆಂದರೆ ಕೆಲಸ ಜಾಸ್ತಿ. 1ರಂದು ಸಕಲ ಸಂತರ ಹಬ್ಬ, 2ರಂದು ಸತ್ತವರೆಲ್ಲರ ಸ್ಮರಣೆ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ 998ರ ಸುಮಾರಿಗೆ ತನ್ನ ಮಠಗಳಲ್ಲಿ ಶುರು ಮಾಡಿದ ಆಚರಣೆ ಇದು. ಗುರುಗಳು ಅಂದು ಮೂರು ಪೂಜೆ ಮಾಡಬಹುದೆಂದು 1915ರಲ್ಲಿ, ಮೊದಲ ಮಹಾಯುದ್ಧದ ಹೆಣಗಳ ನಡುವೆ, ಹದಿನೈದನೇ ಬೆನೆಡಿಕ್ಟ್ ಪೋಪ್ ಅನುಮತಿ ಕೊಟ್ಟರು. ಅದರಲ್ಲಿ ಒಂದಕ್ಕೆ ಮಾತ್ರ ಕಾಣಿಕೆ. ಎರಡನೆಯದು ಸತ್ತ ಎಲ್ಲ ವಿಶ್ವಾಸಿಗಳಿಗೆ, ಮೂರನೆಯದು ಪೋಪರ ಉದ್ದೇಶಗಳಿಗೆ.

ನವೆಂಬರ್ 1ರಿಂದ 8ರವರೆಗೆ ಸಮಾಧಿ ತೋಟಕ್ಕೆ ಹೋಗಿ, ಮನಸ್ಸಿನಲ್ಲಾದರೂ ಸತ್ತವರಿಗಾಗಿ ಪ್ರಾರ್ಥಿಸಿದರೆ ದಿನಕ್ಕೊಂದರಂತೆ ಪರಿಪೂರ್ಣ ದಂಡವಿಮೋಚನೆ, ಅಂದರೆ ಇಂಡಲ್ಜೆನ್ಸ್ (ಕ್ಷಮೆಯಾದ ಪಾಪಕ್ಕೆ ಉಳಿದಿರುವ ದಂಡದ ಮನ್ನಾ), ಶುದ್ಧೀಕರಣದಲ್ಲಿರುವ ಆತ್ಮಕ್ಕೆ ಸಲ್ಲುತ್ತದೆ. ಲೆಕ್ಕ ಹೀಗೆ: ಎಂಟು ದಿನಕ್ಕೆ ಎಂಟು ಭೇಟಿ, ಎಂಟು ಸಲ ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಎಂಟು ಸಲ ಪ್ರಾರ್ಥನೆ, ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಸಾಕು. ಗುರುಗಳ ಬಳಿ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಒಂದೇ ಎಂಟಕ್ಕೂ ಆಗುತ್ತದೆ, ಸುಮಾರು 20 ದಿನ ಹಿಂದೆ ಮುಂದೆ ಆದರೂ ಅಡ್ಡಿಯಿಲ್ಲ. ಹಾಗಾಗಿ ಅಕ್ಟೋಬರ್ ಕೊನೆಯ ಶನಿವಾರವೇ ನಿವೇದನೆ ಮುಗಿಸಿಕೊಳ್ಳಿ, 2ನೇ ತಾರೀಖಿನ ಕ್ಯೂ ತಪ್ಪುತ್ತದೆ. ಕಷ್ಟದ ಷರತ್ತು ಬೇರೆಯೇ ಇದೆ: ಯಾವ ಪಾಪದ ಮೇಲೂ, ಸಣ್ಣದರ ಮೇಲೂ, ಮನಸ್ಸು ಅಂಟಿರಬಾರದು. ಅದು ಆಗದಿದ್ದರೆ ವಿಮೋಚನೆ ಭಾಗಶಃ. ಅಣ್ಣತಮ್ಮಂದಿರು ಜಮೀನಿನ ಜಗಳ ಇಟ್ಟುಕೊಂಡೇ ಅಪ್ಪನ ಗೋರಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಬತ್ತಿ ಹಚ್ಚುವುದನ್ನು ನೋಡಿದವರಿಗೆ ಈ ಷರತ್ತು ಯಾಕೆ ಎಂದು ವಿವರಿಸಬೇಕಿಲ್ಲ. ಕೋವಿಡ್ ಇದ್ದ 2020ರಲ್ಲಿ ಜನ ಗುಂಪು ಸೇರದಿರಲೆಂದು ಎಂಟು ದಿನದ ಅವಕಾಶವನ್ನು ನವೆಂಬರ್ ಪೂರ್ತಿಗೆ ಚಾಚಿದ್ದರು. ಮಾಮೂಲಿ ವರ್ಷಗಳಲ್ಲಿ 8ಕ್ಕೆ ಮುಗಿಯುತ್ತದೆ. ಗಲ್ಫಿನಲ್ಲೋ ಬೇರೆಲ್ಲೋ ಇರುವವರು ತಮ್ಮ ತಂದೆತಾಯಿಯ ಗೋರಿಗೇ ಬರಬೇಕೆಂದಿಲ್ಲ. ಹತ್ತಿರದ ಯಾವುದೇ ಸಮಾಧಿ ತೋಟಕ್ಕೆ ಹೋದರೂ ನಡೆಯುತ್ತದೆ.

ಗೋರಿಯ ಬಳಿ ಮಾಡುವ ಕೆಲಸ ಚಿಕ್ಕದು, ಕೆಡುವುದು ಸುಲಭ. ಬೆಂಗಳೂರಲ್ಲಿ ಆ ಹೊತ್ತಿಗೆ ಹಿಂಗಾರು ಮಳೆ ಪೂರ್ತಿ ಹೋಗಿರುವುದಿಲ್ಲ, ಸಂಜೆ ಗಾಳಿ ಬೇರೆ. ತೆಳು ಮೇಣದಬತ್ತಿಯ ಕಟ್ಟು ತಂದು ಇಪ್ಪತ್ತು ಹಚ್ಚಿದರೆ ಗುರುಗಳು ತೀರ್ಥ ಚಿಮುಕಿಸಲು ಬರುವ ಹೊತ್ತಿಗೆ ಹದಿನೆಂಟು ಆರಿರುತ್ತವೆ, ಎಲ್ಲರೂ ಬೆಂಕಿಪೊಟ್ಟಣ ಹುಡುಕುತ್ತಿರುತ್ತಾರೆ, ಪ್ರಾರ್ಥನೆ ಮುಗಿದೇಹೋಗಿರುತ್ತದೆ. ದಪ್ಪನೆಯ ಎರಡು ಬತ್ತಿ, ಮಣ್ಣಿನ ಕುಡಿಕೆಯಲ್ಲಿ ಎರಡು ಬೆರಳು ಮರಳು ಹಾಕಿ ನೆಟ್ಟರೆ ನಿಲ್ಲುತ್ತವೆ. ಗ್ರಾನೈಟಿನ ಮೇಲೆ ಮೇಣವೂ ಅಂಟುವುದಿಲ್ಲ. ಹುಲ್ಲು ಕೀಳುವುದು, ಸುಣ್ಣ ಬಳಿಯುವುದು ಅಕ್ಟೋಬರ್ 31ಕ್ಕೇ ಮುಗಿಯಲಿ. ಸತ್ತವರಿಗೆ ಇಷ್ಟವೆಂದು ತಿಂಡಿ, ಸಿಗರೇಟು ಇಟ್ಟು ಬರುವವರಿದ್ದಾರೆ. ಬೈಯುವುದು ಬೇಡ, ಆ ದುಡ್ಡಿನಲ್ಲಿ ಬಾಗಿಲಲ್ಲಿ ಕೂತವರಿಗೆ ಊಟ ಕೊಡಿಸಿ ಅದನ್ನೇ ಆ ಆತ್ಮಕ್ಕೆ ಒಪ್ಪಿಸಿ ಎನ್ನುತ್ತೇನೆ. ದಾನವೂ ಸತ್ತವರಿಗೆ ಸಲ್ಲುವ ನೆರವೇ. ಕನಸಲ್ಲಿ ಬಂದರು, ಏನೋ ಕೇಳಿದರು ಎಂದು, ಸತ್ತವರನ್ನು ಮಾತಾಡಿಸುತ್ತೇವೆ ಅನ್ನುವವರ ಬಳಿ ಹೋಗುವುದು ಮಾತ್ರ ಕಟ್ಟುನಿಟ್ಟಾಗಿ ಬೇಡ. ಅದನ್ನು ಧರ್ಮಸಭೆ ನಿಷೇಧಿಸಿದೆ. ಕನಸು ಬಿದ್ದರೆ ಒಂದು ಜಪಸರ ಹೇಳಿ ಮಲಗುವುದು.

ಮೊಬೈಲಿನಲ್ಲಿ ಓಡಾಡುವ "ಈ ಜಪ ಒಮ್ಮೆ ಹೇಳಿದರೆ 1,000 ಆತ್ಮಗಳು ಬಿಡುಗಡೆ" ಎಂಬ ಸಂದೇಶದ ಸಂಖ್ಯೆಗೆ ಬೆಲೆ ಕೊಡಬೇಡಿ. ದಂಡವಿಮೋಚನೆಗೆ ದಿನ, ವರ್ಷ ಎಂದು ಲೆಕ್ಕ ಕಟ್ಟುವ ಪದ್ಧತಿಯನ್ನೇ ಆರನೇ ಪೌಲ್ ಪೋಪ್ 1967ರಲ್ಲಿ ತೆಗೆದುಹಾಕಿದರು. ಜಪದ ಮಾತುಗಳು ಚೆನ್ನಾಗಿದ್ದರೆ ಹೇಳಿ, ಸಂಖ್ಯೆ ಬಿಡಿ, ಒಂಬತ್ತು ಜನಕ್ಕೆ ಕಳಿಸಲೂ ಬೇಡಿ.

ಆತ್ಮಹತ್ಯೆ ಮಾಡಿಕೊಂಡವರ ಮನೆಯಲ್ಲಿ ಜಪ ಮಾಡಬಹುದೇ ಎಂದು ಪಿಸುಗುಟ್ಟಿ ಕೇಳುತ್ತಾರೆ. ಮಾಡಬಹುದು, ಮಾಡಲೇಬೇಕು. ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಧರ್ಮೋಪದೇಶ ಗ್ರಂಥದ 2283ನೇ ಕಂಡಿಕೆಯಲ್ಲೇ ಇದೆ. ಅಲ್ಲಿ ಕ್ರಮ ಬೇರೆಯಲ್ಲ, ಪದವೂ ಬೇರೆಯಲ್ಲ. ದನಿ ಕೂಡ ಬೇರೆಯಾಗಬಾರದು. ಜ್ಞಾನಸ್ನಾನವಾದ ಹಸುಗೂಸು ಸತ್ತ ಮನೆಯಲ್ಲಿ ಮಾತ್ರ ಜಪ ಮಗುವಿನ ಪಾಪಕ್ಕಾಗಿ ಅಲ್ಲ. ಅಲ್ಲಿ ಶುದ್ಧಿಯಾಗಬೇಕಾದದ್ದು ಏನೂ ಇಲ್ಲ. ತಾಯಿತಂದೆಗಾಗಿ ಪ್ರಾರ್ಥಿಸಬೇಕು, ಬೇಗ ಮುಗಿಸಬೇಕು.

ಇನ್ನು ಹಿಂಬದಿಯ ಅಕ್ಷರಗಳು. ಪಾಪಿಗಳಿಗಾಗಿ ಪ್ರಾರ್ಥನೆ ಸತ್ತವರಿಗಾಗಿ ಮಾಡುವುದಕ್ಕಿಂತ ಕಷ್ಟ, ಯಾಕೆಂದರೆ ಸತ್ತವರು ಎದುರು ಮಾತಾಡುವುದಿಲ್ಲ. ಹೆಚ್ಚು ಕೆಡುವುದು ಗುಂಪಿನಲ್ಲಿ. ಅಕ್ಕಪಕ್ಕದ ಮನೆಯವರು ಸೇರುವ ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ "ಕುಡಿತ ಬಿಡಲೆಂದು ನಮ್ಮೆಜಮಾನರಿಗಾಗಿ" ಎಂದು ಒಬ್ಬರು ಗಟ್ಟಿಯಾಗಿ ಕೇಳಿಕೊಂಡರೆ ಅದು ರಾತ್ರಿಯೊಳಗೆ ಆ ಎಜಮಾನರ ಕಿವಿಗೆ ಬೀಳುತ್ತದೆ. ಪ್ರಾರ್ಥನೆ ಹೋಗಿ ದೂರು ಆಗುವುದು ಹೀಗೆ. ನಾನು ಮೊದಲೇ ಹೇಳಿಬಿಡುತ್ತೇನೆ: "ಹೆಸರು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಅಮ್ಮ. ಬಾಯಲ್ಲಿ 'ದೇವರಿಂದ ದೂರವಾಗಿರುವ ನಮ್ಮ ಮನೆಯವರೊಬ್ಬರಿಗಾಗಿ' ಅನ್ನಿ, ಸಾಕು."

ಒಂದು ಸಲಕ್ಕೆ ಒಂದೇ ಹೆಸರು. ಕ್ರಮ: ಮೊದಲು ನನ್ನ ಪಾಪನಿವೇದನೆ, ಆಮೇಲೆ ಅವರಿಗಾಗಿ ಒಂದು ಪೂಜೆ. ಬದುಕಿರುವ ಯಾರಿಗಾಗಿಯೂ, ಕ್ರೈಸ್ತರಲ್ಲದವರಿಗಾಗಿಯೂ ಪೂಜೆ ಒಪ್ಪಿಸಬಹುದು. ಆಫೀಸಿನಲ್ಲಿ "ಒಂದು ವಿಶೇಷ ಉದ್ದೇಶಕ್ಕಾಗಿ" ಎಂದು ಬರೆಸಿದರೆ ಹೆಸರು ಓದುವುದಿಲ್ಲ. ದಂಡವಿಮೋಚನೆಯನ್ನು ಮಾತ್ರ ಬದುಕಿರುವ ಇನ್ನೊಬ್ಬರ ಹೆಸರಿಗೆ ಬಿಟ್ಟುಕೊಡಲು ಆಗದು. ಶುಕ್ರವಾರ ದುಃಖದ ರಹಸ್ಯ, ಪ್ರತಿ ಹತ್ತರ ಕೊನೆಗೆ 1917ರ ಜುಲೈನಲ್ಲಿ ಪೋರ್ಚುಗಲ್ಲಿನ ಫಾತಿಮಾದಲ್ಲಿ ಮರಿಯಮ್ಮನವರ ದರ್ಶನ ಕಂಡ ಮಕ್ಕಳು ಕಲಿತ "ಓ ನನ್ನ ಯೇಸುವೇ" ಪ್ರಾರ್ಥನೆ. ಸಮಯ ಸಿಕ್ಕರೆ ಮಧ್ಯಾಹ್ನ ಮೂರಕ್ಕೆ ದೈವಕರುಣೆಯ ಜಪಸರ, ಅದೇ ಮಣಿಗಳ ಮೇಲೆ ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಅದರ ನವೇನ (ಒಂಬತ್ತು ದಿನದ ಪ್ರಾರ್ಥನೆ) ಶುಭ ಶುಕ್ರವಾರ ಶುರುವಾಗುವಾಗ ಮೊದಲ ದಿನ ಪಾಪಿಗಳಿಗೆ, ಎಂಟನೇ ದಿನ ಶುದ್ಧೀಕರಣದ ಆತ್ಮಗಳಿಗೆ. ನನ್ನ ನೋಟ್‌ಬುಕ್ಕಿನ ಎರಡು ಬದಿಯೂ ಒಂದೇ ನವೇನದಲ್ಲಿ ಸೇರುತ್ತವೆ.

ಜಪದ ಜೊತೆ ಏನಾದರೂ ಒಂದನ್ನು ಬಿಡಬೇಕು. ದೊಡ್ಡದು ಬೇಡ, ಮೂರನೇ ದಿನಕ್ಕೆ ಮುರಿಯುತ್ತದೆ. ಬೆಳಗಿನ ಕಾಫಿಗೆ ಸಕ್ಕರೆ ಬಿಡುವುದು, ತಿರುಗಿ ಬೈಯದಿರುವುದು, ಇಷ್ಟು ನಡೆಯುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ 40 ದಿನ ಹಿಡಿದರೆ ಒಂದು ಅಂಕೆ ಸಿಗುತ್ತದೆ. ಆ ವ್ಯಕ್ತಿಗೆ ಮಾತ್ರ "ನಿನಗೋಸ್ಕರ ಉಪವಾಸ ಇದ್ದೀನಿ" ಎಂದು ಹೇಳಲೇಬಾರದು.

ಗುರುತು ಕೇಳಬಹುದೇ? 1887ರಲ್ಲಿ ಪ್ಯಾರಿಸ್‌ನಲ್ಲಿ ಮೂವರನ್ನು ಕೊಂದ ಪ್ರಾಂಜಿನಿ ಎಂಬವನಿಗೆ ಮರಣದಂಡನೆಯಾದಾಗ, 14 ವರ್ಷದ ತೆರೇಸಾ, ಮುಂದೆ ಲಿಸ್ಯೂವಿನ ಸಂತ ತೆರೇಸಾ, ಅವನಿಗಾಗಿ ಪ್ರಾರ್ಥಿಸಿ, ಅಕ್ಕನ ಮೂಲಕ ಗುಟ್ಟಾಗಿ ಪೂಜೆ ಮಾಡಿಸಿ, ನನ್ನ ಸಮಾಧಾನಕ್ಕೆ ಒಂದು ಗುರುತು ಕೊಡಿ ಎಂದು ದೇವರನ್ನು ಕೇಳಿದಳು. ಆಗಸ್ಟ್ 31ರಂದು ಅವನು ಕೊನೇ ಗಳಿಗೆಯಲ್ಲಿ ಪಾಡುಶಿಲುಬೆಗೆ ಮೂರು ಸಲ ಮುತ್ತಿಟ್ಟ. ಗಮನಿಸಬೇಕಾದದ್ದು, ಗುರುತು ಸಿಗದಿದ್ದರೂ ದೇವರು ಅವನನ್ನು ಕ್ಷಮಿಸುತ್ತಾರೆಂದು ಅವಳು ಮೊದಲೇ ನಂಬಿದ್ದಳು. ಬಹುಪಾಲು ನಮಗೆ ಗುರುತು ಸಿಗುವುದಿಲ್ಲ. ಹಿಂಬದಿಯಲ್ಲಿ "ಮುಗಿಸಿದ ದಿನ" ಎಂಬ ಮನೆಯನ್ನೇ ನಾನು ಹಾಕಿಲ್ಲ.

ಅಲ್ಲಿರುವ ಒಬ್ಬರು ತೀರಿಕೊಂಡರೆ ಅವರ ಅಕ್ಷರದ ಮೇಲೆ ಗೀಟು ಹಾಕುವುದಿಲ್ಲ. ಕೊನೆಗೆ ಏನಾಯಿತು, ನಿವೇದನೆ ಆಯಿತೋ ಇಲ್ಲವೋ ಎಂದು ಮನೆಯವರನ್ನು ವಿಚಾರಿಸುವುದೂ ಇಲ್ಲ. ಪುಸ್ತಕ ತಿರುಗಿಸಿ, ಮುಂಬದಿಯಲ್ಲಿ ಎರಡೂ ಹೆಸರು ಪೂರ್ತಿ ಬರೆದು, ತಾರೀಖು ಹಾಕಿ, ಏಳನೇ ದಿನದ ಪೂಜೆ ಬರೆಸಲು ಆಫೀಸಿಗೆ ಹೋಗುತ್ತೇನೆ.